ಬಳೆ ತೆಗೆದಿಟ್ಟು ಕೂಸಿಗೆ ಎರೆದವಳು

ಮಾಟುಂಗಾದ ಒಂದು ಮನೆಯಲ್ಲಿ ನನ್ನ ಅಕ್ಕ ಗಂಗವ್ವ ಎರಡು ತಿಂಗಳ ಕೂಸಿನ ತೊಡೆಗೆ ಗಾಯ ಮಾಡಿದಳು ಎಂದು ಇಪ್ಪತ್ತೆರಡು ವರ್ಷ ಜನ ನಂಬಿದ್ದರು. ಅಕ್ಕನೂ ಹಾಗೆಯೇ ನಂಬಿದ್ದಳು. ಆ ಗಾಯ ಆದದ್ದು ನನ್ನಿಂದ. ಅದು ಆದ ಕ್ಷಣದಲ್ಲೇ ನನಗೆ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಅವಳ ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ನಾನು ಹೇಳಲಿಲ್ಲ.

ಕೂಸುಗಳಿಗೆ ಎರೆಯುವ ಕೆಲಸವನ್ನು ನಾನು ಮುಂಬಯಿಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಮಾಡಿದೆ. ಈಗ ಕಾಲು ಚಾಚಿ ಮಣೆಯ ಮೇಲೆ ಕೂರಲು ಆಗುವುದಿಲ್ಲ, ಬಿಟ್ಟಿದ್ದೇನೆ. ನಮ್ಮ ಭಾಂಡುಪಿನ ಕಾಲನಿಯ ನಾಲ್ಕಾರು ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೋಗತೊಡಗಿದ್ದಾರೆ. ಸಂಜೆ ಬಂದು ಕೂತು ಅದು ಹೇಗೆ ಇದು ಹೇಗೆ ಎಂದು ಕೇಳುತ್ತಾರೆ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದುಕೊಡಿ ಎಂದರು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಬರೆಯಲು ಕೂತಾಗ ಗೊತ್ತಾಯಿತು, ನನಗೆ ಈ ಕೆಲಸದ ಬಗ್ಗೆ ತಿಳಿದಿರುವುದೆಲ್ಲ ಅಕ್ಕನಿಂದ ಬಂದದ್ದು. ಅಕ್ಕನ ವಿಷಯ ಬರೆಯುತ್ತಾ ನನ್ನ ತಪ್ಪನ್ನು ಮುಚ್ಚಿಡುವುದು ಸಾಧ್ಯವಿಲ್ಲ. ಅದಕ್ಕೇ ಅದನ್ನು ಮೊದಲು ಹೇಳಿ ಮುಗಿಸಿದೆ.

ನಮ್ಮದು ಬಿಜಾಪುರ ಕಡೆಯ ಹಳ್ಳಿ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳ ಗಂಡನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ, ಧಾರಾವಿಯ ಒಂದು ಚಾಳಿನಲ್ಲಿ ಖೋಲಿ. ಅವ್ವ ತೀರಿಕೊಂಡಾಗ ನನಗೆ ಹದಿನಾಲ್ಕು ವರ್ಷ, ಅಕ್ಕ ಊರಿಗೆ ಬಂದು ನನ್ನನ್ನು ಕರೆದುಕೊಂಡು ಹೋದಳು. ಮುಂದೆ ಅದೇ ಚಾಳಿನಲ್ಲೇ ನನ್ನ ಮದುವೆಯನ್ನೂ ಮಾಡಿದಳು. ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅಕ್ಕ ದಿನಕ್ಕೆ ಐದು ಮನೆ ಹಿಡಿದಿದ್ದಳು. ಎರಡು ಧಾರಾವಿಯಲ್ಲಿ, ಮೂರು ರೈಲಿನ ಹಳಿ ದಾಟಿದರೆ ಸಿಗುವ ಮಾಟುಂಗಾದಲ್ಲಿ. ಆ ಮೂರೂ ಮನೆಯವರು ಮೈಸೂರು ಕಡೆಯಿಂದ ಬಂದು ಆಫೀಸುಗಳಲ್ಲಿ ಕೆಲಸ ಮಾಡುತ್ತಿದ್ದವರು. ಎರೆಯುವುದು ಇಬ್ಬರ ಕೆಲಸ. ಒಬ್ಬಳು ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳಬೇಕು. ಅವಳ ಎರಡು ಕೈಯೂ ಕೂಸಿನ ಮೇಲೇ ಇರಬೇಕು. ಇನ್ನೊಬ್ಬಳು ನೀರು ಹದ ಮಾಡಿ ತಂಬಿಗೆಯಿಂದ ಹೊಯ್ಯಬೇಕು, ಮುಗಿದ ಮೇಲೆ ಒದ್ದೆ ಕೂಸನ್ನು ಬಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಮಣೆಯ ಮೇಲೆ ಅಕ್ಕ, ನೀರಿಗೆ ನಾನು.

ನೀರಿನ ಹದವನ್ನು ನಾನು ಬೆರಳದ್ದಿ ನೋಡಿದ್ದಕ್ಕೆ ಮೊದಲ ದಿನವೇ ಬೈಸಿಕೊಂಡೆ. "ದಿನಾ ರೊಟ್ಟಿ ಬಡಿಯೋ ಕೈ ಅದು, ಅದಕ್ಕೇನು ಬಿಸಿ ತಿಳೀತೈತಿ. ಮೊಳಕೈ ಅದ್ದಿ ಕೇಳು," ಎಂದಳು. ಮೊಳಕೈ ಅದ್ದಿದರೆ ನೀರು ಇದೆಯೋ ಇಲ್ಲವೋ ಎನ್ನುವಷ್ಟು ಬೆಚ್ಚಗಿರಬೇಕು. ಅದಾದ ಮೇಲೂ ಮೊದಲ ತಂಬಿಗೆ ಕೂಸಿನ ಮೇಲೆ ಅಲ್ಲ, ಅವಳ ಕಾಲಿನ ಮೇಲೆ. ಅವಳು ಹೂಂ ಅಂದ ಮೇಲೆ ಕೂಸಿಗೆ.

ಅವಳು ಎರೆಯುವುದನ್ನು ನೋಡಲು ಚಾಳಿನ ಹೆಂಗಸರು ಖೋಲಿಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಉಳಿದವರು ಎರೆದರೆ ಕೂಸು ಕಿರುಚಿ ಕೆಂಪಾಗುತ್ತಿತ್ತು. ಉಳಿದವರು ತಿಕ್ಕುತ್ತಿದ್ದರು, ಅಕ್ಕ ತಿಕ್ಕುತ್ತಿರಲಿಲ್ಲ. ಎಣ್ಣೆ ಹಚ್ಚುವಾಗ ಅಂಗೈ ಚರ್ಮದ ಮೇಲೆ ಜಾರುತ್ತಿರಲಿಲ್ಲ, ಚರ್ಮದ ಜೊತೆಗೇ ಚಲಿಸುತ್ತಿತ್ತು. ಕಡಲೆಹಿಟ್ಟನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿ, ಹಾಲಿನ ಕೆನೆಯಲ್ಲಿ ಕಲಸಿ, ಬೆಣ್ಣೆ ಸವರಿದ ಹಾಗೆ ಸವರಿ, ಅದು ಒಣಗುವ ಮೊದಲೇ ತೊಳೆದುಬಿಡುತ್ತಿದ್ದಳು. ಆಮೇಲೆ ಮಡಿಕೆಗಳು. ಕತ್ತಿನ ಕೆಳಗೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಮೊಣಕಾಲ ಹಿಂದೆ, ಕಿವಿಯ ಹಿಂದೆ. ಗುಂಡಗಿರುವ ಕೂಸಿನ ಮೈಯಲ್ಲಿ ಎಷ್ಟು ಮಡಿಕೆ ಇರುತ್ತವೆ ಎಂಬುದು ಎರೆದವರಿಗೇ ಗೊತ್ತು. ಒಂದೊಂದನ್ನೂ ಎರಡು ಬೆರಳಿನಲ್ಲಿ ಬಿಡಿಸಿ, ನೀರು ಬಿಟ್ಟು, ಹಳೆಯ ಧೋತರದ ಚೂರನ್ನು ಒತ್ತಿ ಒತ್ತಿ ಒಣಗಿಸುತ್ತಿದ್ದಳು. ಒರೆಸುತ್ತಿರಲಿಲ್ಲ. ಹೊಸ ಟವೆಲ್ ತಂದು ಕೊಟ್ಟವರಿಗೆ ಅದನ್ನು ಮಡಚಿ ವಾಪಸು ಕೊಟ್ಟು, ಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಧೋತರ ಯಾವುದಿದೆಯೋ ಅದನ್ನು ಕೊಡಿ ಎಂದು ಕೇಳುತ್ತಿದ್ದಳು.

ಅವಳ ಕಣ್ಣು ಎಷ್ಟು ಚುರುಕಾಗಿತ್ತೆಂದು ಹೇಳಲು ಒಂದು ಮನೆಯ ಸಂಗತಿ ಬರೆಯುತ್ತೇನೆ. ಧಾರಾವಿಯಲ್ಲಿ ಚರ್ಮದ ಕೆಲಸ ಮಾಡುವ ಒಬ್ಬರ ಕೂಸಿಗೆ ತೊಡೆ ಪೃಷ್ಠಗಳೆಲ್ಲ ಕೆಂಪಗೆ ಸುಲಿದುಹೋಗಿತ್ತು. ತಾಯಿ ಅಳುತ್ತಿದ್ದಳು. ಚರ್ಮದ ವಾಸನೆಗೆ ಹೀಗಾಗಿದೆ ಎಂದು ಒಬ್ಬರು, ದೃಷ್ಟಿಯಾಗಿದೆ ಎಂದು ಇನ್ನೊಬ್ಬರು. ಅಕ್ಕ ಕೂಸನ್ನು ಮುಟ್ಟುವ ಮೊದಲು ಹಗ್ಗದ ಮೇಲೆ ಒಣಗಿದ್ದ, ಕೂಸಿಗೆ ಕಟ್ಟುವ ದುಪ್ಪಟಿ ಚೂರೊಂದನ್ನು ತೆಗೆದು ನಾಲಿಗೆಗೆ ತಾಗಿಸಿದಳು. ಎಲ್ಲರೂ ಮುಖ ಕಿವುಚಿದರು. ಅಕ್ಕ ಉಗುಳಿ, ಸೋಡಾ ಎಂದಳು. ನಳದಲ್ಲಿ ನೀರು ಬರುವುದು ಸ್ವಲ್ಪ ಹೊತ್ತು, ಚಾಳಿಗೆಲ್ಲ ಒಂದೇ ನಳ. ಆ ತಾಯಿ ಬಟ್ಟೆಯನ್ನು ಸೋಡಾದಲ್ಲಿ ಕುದಿಸಿ ಒಂದೇ ನೀರಿನಲ್ಲಿ ಅದ್ದಿ ಒಣಹಾಕುತ್ತಿದ್ದಳು. ಕೂಸು ಉಚ್ಚೆ ಹೊಯ್ದಾಗಲೆಲ್ಲ ಆ ಸೋಡಾ ಎದ್ದು ಚರ್ಮ ಸುಡುತ್ತಿತ್ತು. ಸೋಡಾ ಬಿಟ್ಟುಬಿಡು, ಬರೀ ನೀರಿನಲ್ಲಿ ಮೂರು ಸಲ ಜಾಲಿಸು ಎಂದು ಹೇಳಿ, ಇನ್ನೊಂದು ವಾರ ಕಡಲೆಹಿಟ್ಟನ್ನೂ ಮುಟ್ಟಿಸದೆ ಬರೀ ನೀರು ಎರೆದು ತೆಂಗಿನೆಣ್ಣೆ ಸವರಿದಳು. ಒಂಬತ್ತನೆಯ ದಿನ ಕೂಸಿನ ಚರ್ಮ ಹೂವಿನ ಹಾಗಿತ್ತು. ಆ ಮನೆಯಾತ ಅಕ್ಕನಿಗೆ ಒಂದು ಜೊತೆ ಚಪ್ಪಲಿ ಹೊಲಿದುಕೊಟ್ಟ. ಅದನ್ನು ಹಾಕಿಕೊಂಡು ಅಕ್ಕ ಚಾಳಿನ ಉದ್ದಕ್ಕೂ ಎರಡು ಸಲ ಸುಮ್ಮನೆ ನಡೆದಳು.

ನಮಗೆ ಮೇಲಿನವರು ಎಂದರೆ ಮುನಸಿಪಾಲ್ಟಿಯ ಹೆರಿಗೆ ಮನೆಯ ಡಾಕ್ಟರಬಾಯಿ ಒಬ್ಬರೇ. ಸಂಬಳ ಕೊಡುತ್ತಿರಲಿಲ್ಲ, ಆದರೆ ಬೈಯುತ್ತಿದ್ದರು. ವಾರಕ್ಕೊಮ್ಮೆ ಚಾಳಿಗೆ ಬಂದು ಕೂಸುಗಳನ್ನು ನೋಡುತ್ತಿದ್ದರು. ಮರಾಠಿಯವರು, ಬಿರುಸಿನ ಹೆಂಗಸು. ಒಂದು ದಿನ ಅಕ್ಕ ಎರೆದು ಮುಗಿಸಿ ಕೆಂಡದ ಮೇಲೆ ಲೋಬಾನ ಹಾಕಿ ಕೂಸಿನ ತಲೆಗೆ ಹೊಗೆ ಹಿಡಿಯುತ್ತಿದ್ದಾಗ ಒಳಗೆ ಬಂದರು. ಕೆಂಡದ ಪಾತ್ರೆಯನ್ನು ಕಾಲಿನಿಂದ ದೂಡಿದರು. ಮೂಗಿಗೆ ಎಣ್ಣೆ ಬಿಡುವುದನ್ನು, ಕಿವಿಗೆ ಎಣ್ಣೆ ಬಿಡುವುದನ್ನು, ಹೊಗೆ ಹಿಡಿಯುವುದನ್ನು ಇವತ್ತಿಗೇ ನಿಲ್ಲಿಸಬೇಕು ಎಂದರು. ಅಕ್ಕ ತನ್ನ ಹರಕುಮುರುಕು ಮರಾಠಿಯಲ್ಲಿ ವಾದಿಸಿದಳು. ಅವ್ವ ಹೀಗೇ ಮಾಡುತ್ತಿದ್ದಳು, ನಾವೆಲ್ಲ ಬದುಕಿಲ್ಲವೇ ಎಂದಳು. ಡಾಕ್ಟರಬಾಯಿ ಸಿಟ್ಟಾಗಲಿಲ್ಲ. ತಮ್ಮ ನಳಿಗೆಯನ್ನು ಅಕ್ಕನ ಕಿವಿಗೆ ಇಟ್ಟು ಕೂಸಿನ ಎದೆಯ ಸದ್ದು ಕೇಳಿಸಿದರು. ಒಳಗೆ ಗೊರಗೊರ ಸದ್ದು.

ಅಕ್ಕ ಅಂದಿನಿಂದ ಕೆಂಡ ಹಿಡಿಯಲಿಲ್ಲ. ಮನೆಗೆ ಬರುವಾಗ ನಾನು, ಅವ್ವ ಕಲಿಸಿದ್ದನ್ನು ಅಷ್ಟು ಬೇಗ ಬಿಟ್ಟೆಯಲ್ಲ ಎಂದು ಕೆಣಕಿದೆ. "ಕಲಿಸಿದಾಕಿ ಸತ್ತಾಳ, ಕೂಸು ಜೀವಂತ ಐತಿ. ಯಾರ ಮಾತ ಕೇಳ್ಲಿ ಹೇಳು," ಎಂದಳು. ಇಷ್ಟು ವರ್ಷಗಳಲ್ಲಿ ಎಷ್ಟೋ ಪದ್ಧತಿ ಬದಲಾದವು. ಹಿಟ್ಟು ಹೋಗಿ ಸಾಬೂನು ಬಂತು, ಮಣೆ ಹೋಗಿ ಪ್ಲಾಸ್ಟಿಕ್ ಟಬ್ಬು ಬಂತು. ಪ್ರತಿ ಸಲವೂ ನನಗೆ ಆ ಮಾತೇ ದಾರಿ ತೋರಿಸಿತು.

ಆದರೆ ಡಾಕ್ಟರಬಾಯಿ ಅಕ್ಕನಿಂದ ಕಲಿತದ್ದೂ ಇತ್ತು. ಆಗಷ್ಟೇ ಹುಟ್ಟಿದ ಕೂಸಿನ ಮೈಮೇಲೆ ಬಿಳಿಯ ಮೇಣದಂಥದ್ದು ಇರುತ್ತದೆಯಲ್ಲ, ಅದನ್ನು ಹಿಟ್ಟು ಹಚ್ಚಿ ಉಜ್ಜಿ ತೆಗೆಯಬೇಕೆಂದು ಎಲ್ಲರೂ ಹಟ ಹಿಡಿಯುತ್ತಿದ್ದರು. ಅಕ್ಕ ಬಿಡುತ್ತಿರಲಿಲ್ಲ. ಅವರವ್ವ ಹಚ್ಚಿ ಕಳಿಸಿದ ಎಣ್ಣೆ ಅದು, ತಾನೇ ಇಂಗಲಿ ಎನ್ನುತ್ತಿದ್ದಳು. ದಿನ ಮೀರಿ ಹುಟ್ಟಿದ ಒಂದು ಕೂಸಿನ ಚರ್ಮ ಹಾವಿನ ಪೊರೆಯ ಹಾಗೆ ಏಳುತ್ತಿದ್ದಾಗ, ಅಜ್ಜಿ ಅದನ್ನು ಕೀಳಲು ಹೋದರೆ ಅಕ್ಕ ಕೈ ಅಡ್ಡ ಹಿಡಿದು ಹನ್ನೆರಡು ದಿನ ಕಾದಳು. ಡಾಕ್ಟರಬಾಯಿ ತಮ್ಮ ಜೊತೆಗಿದ್ದ ನರ್ಸುಗಳಿಗೆ, ಇವಳನ್ನು ನೋಡಿ ಕಲಿಯಿರಿ ಎಂದರು. ಆ ಮಾತನ್ನು ನಾನು ಕನ್ನಡ ಮಾಡಿ ಹೇಳಿದಾಗ ಅಕ್ಕ ನಾಚಿ, ನೀರು ಆರತೈತಿ ನೋಡು ಎಂದು ನನ್ನನ್ನೇ ಗದರಿದಳು.

ನನ್ನ ತಪ್ಪುಗಳಿಗೆ ಲೆಕ್ಕವಿರಲಿಲ್ಲ. ಬೆವರುಸಾಲೆ ಎದ್ದ ಕೂಸಿಗೆ ಒಳ್ಳೆಯದಾಗಲಿ ಎಂದು ಕತ್ತಿನ ಮಡಿಕೆಗೆ ಮುಷ್ಟಿಗಟ್ಟಲೆ ಪೌಡರ್ ಸುರಿದೆ. ಮುಂಬಯಿಯ ಬೆವರಿಗೆ ಅದು ಸಂಜೆಯೊಳಗೆ ಗಟ್ಟಿಯಾಗಿ ಹಿಟ್ಟಿನ ಉಂಡೆಯ ಹಾಗೆ ಕೂತು, ಕತ್ತಿನ ಸುತ್ತ ಚರ್ಮ ಸೀಳಿತು. ಅಕ್ಕ ಒದ್ದೆ ಹತ್ತಿಯಲ್ಲಿ ಅದನ್ನು ಬಿಡಿಸುತ್ತಾ ಅರ್ಧ ತಾಸು ಕೂತಳು. ಮನೆಯವರಿಗೆ, ತಪ್ಪಾಗಿದೆ, ಪೌಡರ್ ನಾವೇ ಹೆಚ್ಚು ಹಾಕಿದ್ದು ಎಂದು ಹೇಳಿದಳು. ನಾವೇ ಎಂದಳು. ತಂಗಿ ಶಾಂತಾ ಹಾಕಿದಳು ಎನ್ನಲಿಲ್ಲ.

ಇನ್ನು ಬಳೆಯ ವಿಷಯ. ಅಕ್ಕ ಕೆಲಸಕ್ಕೆ ಹೊರಡುವಾಗ ಕೈಬಳೆಗಳನ್ನೆಲ್ಲ ತೆಗೆದು ಗೂಟಕ್ಕೆ ಹಾಕಿ, ಮಣಿಕಟ್ಟಿಗೆ ಅರಿಶಿನ ಹಚ್ಚಿದ ನೂಲು ಸುತ್ತಿಕೊಂಡು ಹೋಗುತ್ತಿದ್ದಳು. ಗಾಜಿನ ಬಳೆಗೆ ಯಾವಾಗ ಚೂಪು ಹುಟ್ಟುತ್ತದೆಂದು ಕಣ್ಣಿಗೆ ಕಾಣುವುದಿಲ್ಲ, ಕೂಸಿನ ಚರ್ಮಕ್ಕೆ ಮಾತ್ರ ಕಾಣುತ್ತದೆ ಎನ್ನುತ್ತಿದ್ದಳು. ಮುತ್ತೈದೆ ಹೆಂಗಸು ಬರಿಗೈಯಲ್ಲಿ ಬಾಗಿಲಿಗೆ ಬಂದರೆ ಜನ ಸುಮ್ಮನಿರುತ್ತಾರೆಯೇ. ಕೂಸಿರುವ ಮನೆ ಬೇರೆ. ಮೊದಲ ದಿನ ಪ್ರತಿಯೊಂದು ಮನೆಯಲ್ಲೂ ಗಂಡ ಇದ್ದಾನೋ ಇಲ್ಲವೋ ಎಂಬ ಪ್ರಶ್ನೆ ಬರುತ್ತಿತ್ತು. ಅಕ್ಕ ತಾಳಿ ಎತ್ತಿ ತೋರಿಸಿ, "ಅಂವಾ ಗಿರಣಿಯಾಗ ಗಟ್ಟಿಮುಟ್ಟ ಅದಾನ್ರಿ. ಬೇಕಂದ್ರ ಸಂಜೀಕ ಕರಕೊಂಡ ಬಂದು ತೋರಸ್ತೇನಿ," ಎನ್ನುತ್ತಿದ್ದಳು. ನಗು ಬಂದು ಬಾಗಿಲು ತೆರೆಯುತ್ತಿತ್ತು.

ಮಾಟುಂಗಾದ ಜಾನಕಮ್ಮನವರ ಮನೆಯಲ್ಲೂ ಹಾಗೇ ತೆರೆದದ್ದು. ಮನೆಯ ಯಜಮಾನಿ ಅವರು. ಸೊಸೆಗೆ ಹೆಣ್ಣು ಕೂಸು ಹುಟ್ಟಿತ್ತು, ವತ್ಸಲಾ ಎಂದು ಹೆಸರು. ಜಾನಕಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಎರೆಯುವುದನ್ನು ಪೂರ್ತಿ ನೋಡುತ್ತಿದ್ದರು. ನಿಮ್ಮ ಮಾತಿನ ಧಾಟಿಗೆ ಮಗು ತನ್ನನ್ನೇ ಬೈತಿದಾರೆ ಅಂದ್ಕೊಳ್ಳುತ್ತೆ ಕಣ್ರೀ ಎಂದು ಅವರು ಹಾಸ್ಯ ಮಾಡಿದರೆ, ಬೈದ್ರೂ ನಗತೈತ್ರಿ ನಿಮ್ಮ ಕೂಸು, ಬುದ್ಧಿ ನಮ್ಮ ಕಡೀದ ಐತಿ ಎಂದು ಅಕ್ಕ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಇಷ್ಟ.

ಆ ಮಳೆಗಾಲದಲ್ಲಿ ನಾನು ಬಸುರಿ. ಅದಕ್ಕೆ ಮುಂಚೆ ಒಂದು ಹೋಗಿತ್ತು. ಐದನೆಯ ತಿಂಗಳಲ್ಲಿ ನಮ್ಮ ಅತ್ತೆ ಕುಬುಸದ ಶಾಸ್ತ್ರ ಮಾಡಿ ಎರಡೂ ಕೈಗೆ ತುಂಬ ಹಸಿರು ಬಳೆ ತೊಡಿಸಿದರು. ಹೆರಿಗೆಯಾಗುವ ತನಕ ಇವು ಕೈಯಿಂದ ಇಳಿಯಬಾರದು ಎಂದರು. ಬಳೆ ಇಳಿಸಿದರೆ ಇದೂ ಹೋಗುತ್ತದೆ ಎಂಬ ಹೆದರಿಕೆ ನನ್ನೊಳಗೆ ಕೂತುಬಿಟ್ಟಿತು. ಅಕ್ಕ ಒತ್ತಾಯ ಮಾಡಲಿಲ್ಲ. ಹಳೆ ಸೀರೆಯ ಪಟ್ಟಿ ಹರಿದು, ಬಳೆಗಳ ಮೇಲೆ ಮಣಿಕಟ್ಟಿನಿಂದ ಮೊಳಕೈವರೆಗೆ ಸುತ್ತಿ ಕಟ್ಟಿದಳು. ಎರೆಯುವ ಹೊತ್ತಿನಲ್ಲಿ ಇದು ಬಿಚ್ಚಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮೂರು ವಾರ ಹಾಗೇ ನಡೆಯಿತು.

ಅವತ್ತು ಜಾನಕಮ್ಮನವರ ಮನೆಗೆ ಬೇರೆ ಬಿಲ್ಡಿಂಗಿನ ಇಬ್ಬರು ಹೆಂಗಸರು ಬಂದಿದ್ದರು. ಅವರಿಗೆ ಕಾಫಿ ಮಾಡಲು ಜಾನಕಮ್ಮ ಅಡುಗೆಮನೆಗೆ ಹೋಗಿದ್ದರು, ಬಾಗಿಲಲ್ಲಿ ಕುರ್ಚಿ ಖಾಲಿ ಇತ್ತು. ನೀರು ಕಾಯಿಸುವ ಬಂಬದಿಂದ ಬಿಸಿನೀರು ಹಿಡಿಯಲು ನಾನು ನಡುಮನೆ ದಾಟಿ ಹೋಗುವಾಗ ಒಬ್ಬರು ನನ್ನ ಹೊಟ್ಟೆ ನೋಡಿ ಎಷ್ಟು ತಿಂಗಳು ಎಂದು ಕೇಳಿದರು. ಇನ್ನೊಬ್ಬರು, ಕೈಗೆ ಏನಾಗಿದೆ, ಸುಟ್ಟಿದೆಯೇ ಎಂದರು. ಸುಟ್ಟಿಲ್ಲ ಎಂದು ಪಟ್ಟಿ ಬಿಚ್ಚಿ ತೋರಿಸಿದೆ. ಎಷ್ಟು ಲಕ್ಷಣವಾಗಿದೆ ಎಂದರು. ಆ ಮಾತು ಹಿತವಾಗಿತ್ತು. ದೊಡ್ಡ ಮನೆಯ ಹೆಂಗಸರು ಎರೆಯುವವಳ ತಂಗಿಯ ಕೈ ಹಿಡಿದು ನೋಡಿದ್ದು ಅದೇ ಮೊದಲು. ಒಳಗಿನಿಂದ ಅಕ್ಕ ಕರೆದಳು. ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ.

ನೀರು ಬೆರೆಸುವಾಗ ಹಂಡೆಯ ಅಂಚಿಗೆ ಕೈ ತಾಗಿ ಟಣ್ ಎಂದು ಸದ್ದಾಯಿತು. ನೋಡಲಿಲ್ಲ. ಅಕ್ಕ ಎರೆದು ಮುಗಿಸಿ ಕೂಸನ್ನು ಎತ್ತಿ ಕೊಟ್ಟು, ಮಣೆ ತೊಳೆಯಲು ಆ ಕಡೆ ತಿರುಗಿದಳು. ನಾನು ಕೂಸಿನ ಕೆಳಗೆ ಕೈ ತೂರಿಸಿ ತೆಗೆದುಕೊಂಡೆ. ಆಗ ಏನೋ ಸಿಕ್ಕಿಕೊಂಡು ಎಳೆದ ಹಾಗಾಯಿತು. ಕೂಸು ಬೆಚ್ಚಿ ಅತ್ತಿತು. ತೊಡೆಯ ಹಿಂಬದಿಯಲ್ಲಿ, ಮಡಿಕೆಯ ಹತ್ತಿರ ಬೆರಳುದ್ದದ ಬಿಳಿ ಗೆರೆ. ನಾನು ನೋಡುತ್ತಿದ್ದಂತೆ ಅದು ಕೆಂಪಾಯಿತು. ನನ್ನ ಬಳೆಯೊಂದರ ಅಂಚು ಒಡೆದು ಚೂಪಾಗಿತ್ತು. ನಾನು ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಹಸಿದಿರಬೇಕು ಎಂದು ಹೇಳಿ ತಾಯಿಯ ಕೈಗೆ ಕೊಟ್ಟೆ. ಪಟ್ಟಿಯನ್ನು ಮತ್ತೆ ಸುತ್ತಿಕೊಂಡೆ.

ಮರುದಿನ ಕೂಸಿನ ಬಟ್ಟೆ ಬಿಚ್ಚಿದ ಕೂಡಲೇ ಅಕ್ಕನ ಕಣ್ಣಿಗೆ ಬಿತ್ತು. ಗೆರೆಯ ಸುತ್ತ ಊದಿಕೊಂಡಿತ್ತು. ಅವಳು ಎಣ್ಣೆ ಹಚ್ಚಲಿಲ್ಲ, ಬಹಳ ಹೊತ್ತು ನೋಡಿದಳು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದಳು.

"ನಿನ್ನೆ ಬಳಿಗಳ ಮ್ಯಾಲ ಪಟ್ಟಿ ಕಟ್ಟಿದ್ದಿ ಹೌದಿಲ್ಲೋ?"

"ಕಟ್ಟಿದ್ದೆ," ಎಂದೆ.

ಅವಳು ಎರಡನೆಯ ಸಲ ಕೇಳಲಿಲ್ಲ. ನನ್ನ ಮಾತನ್ನು ನಂಬಿ, ತನ್ನ ಎರಡೂ ಕೈ ಬೆಳಕಿಗೆ ಹಿಡಿದು ಒಂದೊಂದೇ ಉಗುರು ನೋಡಿಕೊಂಡಳು. ಅವಳ ಉಗುರುಗಳು ಯಾವಾಗಲೂ ಬುಡದವರೆಗೆ ಕತ್ತರಿಸಿದವು. ಆದರೂ ಬಲಗೈ ಹೆಬ್ಬೆರಳಿನ ಉಗುರನ್ನು ತುಟಿಗೆ ಉಜ್ಜಿ ಉಜ್ಜಿ ನೋಡಿದಳು.

ಮಳೆಗಾಲದ ತೇವಕ್ಕೆ ಗಾಯ ಕೀವಾಯಿತು. ಕೂಸಿಗೆ ಜ್ವರ ಬಂತು. ಡಾಕ್ಟರ್ ಬಂದು ಕೊಯ್ದು ಕೀವು ತೆಗೆದರು. ಎಂಟು ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕೂಸು ಉಳಿಯಿತು. ಜ್ವರ ಇಳಿದ ಮೇಲೆ ಜಾನಕಮ್ಮ ನಮ್ಮಿಬ್ಬರನ್ನು ಕರೆಸಿದರು. ಅವರು ಕೇಳುವ ಮೊದಲೇ ಅಕ್ಕ, ನನ್ನ ಉಗುರು ತಾಗಿರಬೇಕ್ರೀ ಅಮ್ಮಾ, ಬ್ಯಾರೆ ಏನೂ ಕಾಣವಲ್ಲದು ಎಂದಳು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ. ಜಾನಕಮ್ಮ ಉಗುರಿನ ಮಾತೇ ಎತ್ತಲಿಲ್ಲ. "ಮೊದಲ ದಿನವೇ ನನ್ನ ಮನಸ್ಸು ಬೇಡ ಅಂದಿತ್ತು. ಬಳೆ ಇಲ್ಲದ ಕೈ ಹಸುಗೂಸಿನ ಮೇಲೆ ಆಡಬಾರದಿತ್ತು. ಇನ್ನು ಬರಬೇಡಿ," ಎಂದರು.

ಆ ಮಾತು ಮಾಟುಂಗಾದ ಮನೆಗಳಿಗೆ ಹರಡಲು ಬಹಳ ದಿನ ಬೇಕಾಗಲಿಲ್ಲ. ಉಳಿದೆರಡು ಮನೆಯವರೂ ಬೇಡ ಎಂದರು. ಧಾರಾವಿಯ ಮನೆಗಳನ್ನು ಅಕ್ಕ ತಾನೇ ಬಿಟ್ಟಳು. ಡಾಕ್ಟರಬಾಯಿ ಹೇಳಿಕಳಿಸಿದರೂ ಹೋಗಲಿಲ್ಲ. ಕೈ ಮ್ಯಾಲೆ ನಂಬಿಕಿ ಹೋತು ಎಂದಳು. ಕಿರಾಣಿ ಅಂಗಡಿಗಳಿಗೆ ಅಕ್ಕಿ ಬೇಳೆ ಹಸನು ಮಾಡಿಕೊಡುವ ಕೆಲಸ ಹಿಡಿದಳು.

ನನಗೆ ಆರೋಗ್ಯವಂತ ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ಎರೆಯಲು ಅಕ್ಕನನ್ನು ಕರೆದೆ. ಬಂದಳು. ಮಣೆಯ ಮೇಲೆ ನನ್ನನ್ನೇ ಕೂರಿಸಿ ತಾನು ನೀರು ಹೊಯ್ದಳು. ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಬೇಕು ಎಂದು ಬಾಯಲ್ಲಿ ಎಲ್ಲವನ್ನೂ ಹೇಳಿದಳು. ತಂಬಿಗೆ ಕೆಳಗಿಟ್ಟಾಗಲೆಲ್ಲ ಎರಡೂ ಕೈಗಳನ್ನು ಮುಷ್ಟಿ ಮಾಡಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಆ ಹೊತ್ತಿಗಾದರೂ ಹೇಳಬಹುದಿತ್ತು. ಮೊದಲು ಬಸುರಿಯೆಂಬ ಹೆದರಿಕೆ ಇತ್ತು, ಆಮೇಲೆ ಅತ್ತೆಯ ಹೆದರಿಕೆ. ವರ್ಷ ಕಳೆದ ಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಅಕ್ಕ ಕೇಳಿಯಾಳು ಎಂಬ ಹೆದರಿಕೆ. ಅದು ಎಲ್ಲಕ್ಕಿಂತ ದೊಡ್ಡದು.

ಅವಳು ಬಾಯಲ್ಲಿ ಹೇಳಿಕೊಟ್ಟ ಆ ಪಾಠದಿಂದಲೇ ನಾನು ಮುಂದೆ ಮನೆ ಹಿಡಿದೆ, ಹೆಸರು ಮಾಡಿದೆ. ಬಾಗಿಲಿಗೆ ಹೋಗುವಾಗ ಕೈತುಂಬ ಬಳೆ ಹಾಕಿಕೊಂಡು ಹೋಗಿ, ಮೈತೊಳೆಯುವ ಮೋರಿಯ ಪರದೆ ಎಳೆದ ಮೇಲೆ ತೆಗೆದಿಡುತ್ತಿದ್ದೆ. ಅಕ್ಕ ಎಲ್ಲರ ಎದುರಿಗೆ ಮಾಡಿದ್ದನ್ನು ನಾನು ಮರೆಯಲ್ಲಿ ಮಾಡಿದೆ, ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಈಗ ಈ ಕೆಲಸಕ್ಕೆ ಬರುವವರಿಗೆ ಹೇಳುತ್ತೇನೆ, ಬಳೆ ಉಂಗುರ ಎಲ್ಲ ಮನೆಯಲ್ಲೇ ಬಿಟ್ಟು ಹೋಗಿ, ಕೇಳಿದವರಿಗೆ ಕಾರಣ ಹೇಳಿ. ಕೂಸಿನ ಮೈಮೇಲೆ ಗೆರೆ ಬಿದ್ದರೆ ಆ ಕ್ಷಣವೇ ತೋರಿಸಿ. ಅವತ್ತೇ ತೊಳೆದು ಔಷಧ ಹಚ್ಚಿದ್ದರೆ ಕೀವಾಗುತ್ತಿರಲಿಲ್ಲ ಎಂದು ಆ ಡಾಕ್ಟರ್ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಜಾನಕಮ್ಮನವರ ಮನೆಯ ಕಡೆಗೆ ನಾನು ಎಂದೂ ಹೋಗಲಿಲ್ಲ. ಇಪ್ಪತ್ತೆರಡು ವರ್ಷದ ಮೇಲೆ ಅವರೇ ಹೇಳಿಕಳಿಸಿದರು. ಮೊಮ್ಮಗಳು ವತ್ಸಲಾ ಬಾಣಂತನಕ್ಕೆ ಬಂದಿದ್ದಳು, ಎರೆಯಲು ನಾನೇ ಆಗಬೇಕೆಂದು ಯಾರೋ ಹೇಳಿದ್ದರಂತೆ. ಏನು ಕಾರಣ ಹೇಳಿ ತಪ್ಪಿಸಿಕೊಳ್ಳಲಿ ಎಂದು ಯೋಚಿಸುತ್ತಲೇ ಹೋದೆ. ಜಾನಕಮ್ಮನವರಿಗೆ ತಲೆಯೆಲ್ಲ ಬೆಳ್ಳಗಾಗಿತ್ತು, ಕುರ್ಚಿ ಅದೇ ಬಾಗಿಲಲ್ಲಿತ್ತು. ನಾನು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಅವರು ಮೊಮ್ಮಗಳಿಗೆ, ನಿನ್ನ ತೊಡೆ ಮೇಲಿನ ಗುರುತು ಇವರಕ್ಕ ಮಾಡಿದ್ದು, ಕೆಲಸ ಚೆನ್ನಾಗಿತ್ತು, ಆದರೆ ಬರಿಗೈ, ಶುಭವಲ್ಲ ಎಂದು ಕಥೆ ಹೇಳತೊಡಗಿದರು.

ಕೂಸು ಕಾಲ ಮೇಲಿದ್ದರೆ ಎದ್ದು ಹೋಗುವ ಹಾಗಿಲ್ಲ. ಪೂರ್ತಿ ಕೇಳಿದೆ. ಎರೆದೆ, ಮಡಿಕೆಗಳನ್ನು ಒಣಗಿಸಿದೆ, ಕೂಸನ್ನು ವತ್ಸಲಾಳ ಕೈಗೆ ಕೊಟ್ಟೆ. ಮಣೆಯಿಂದ ಏಳಲಿಲ್ಲ. ಅಲ್ಲೇ ಕೂತು, ನಡುಮನೆಯಲ್ಲಿ ಪಟ್ಟಿ ಬಿಚ್ಚಿದ್ದರಿಂದ ಹಿಡಿದು ಕಟ್ಟಿದ್ದೆ ಎಂದು ಸುಳ್ಳು ಹೇಳಿದ ತನಕ ಎಲ್ಲವನ್ನೂ ಹೇಳಿದೆ.

ಜಾನಕಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ನಿಮ್ಮಕ್ಕ ಇದಾಳಾ?" ಎಂದರು.

ಮಲಾಡಿನಲ್ಲಿ ಮಗನ ಮನೆಯಲ್ಲಿದ್ದಾಳೆ ಎಂದೆ.

"ಅವಳಿಗೆ ಹೇಳಿದೀಯಾ?"

"ಇಲ್ಲರಿ."

"ಮತ್ತೆ ನನಗ್ಯಾಕೆ ಹೇಳ್ತೀಯ. ಅನ್ನಿಸಿಕೊಂಡೋಳು ಅವಳು. ಹೋಗಿ ಹೇಳು." ನಾನು ಏಳುವಾಗ, "ಅವತ್ತು ನಾನೂ ಅನ್ನಬಾರದ್ದು ಅಂದೆ. ಬಂದು ನಾನೇ ಹೇಳ್ತೀನಿ ಅನ್ನು," ಎಂದರು.

ಮನೆಗೂ ಹೋಗದೆ ದಾದರಿನಲ್ಲಿ ಲೋಕಲ್ ಬದಲಿಸಿ ಮಲಾಡಿಗೆ ಹೋದೆ. ಅಕ್ಕನ ಸೊಸೆ ಹೆತ್ತು ಇಪ್ಪತ್ತು ದಿನವಾಗಿತ್ತು. ಬಾಣಂತಿ ಒಳಗಿನ ಖೋಲಿಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಎರೆಯಲು ಹೊರಗಿನ ಹೆಂಗಸು ಬರುತ್ತಾಳೆ, ಅತ್ತೆ ಒಂದು ಸಲವೂ ಎತ್ತಿಕೊಂಡಿಲ್ಲ ಎಂದು ನನ್ನ ಹತ್ತಿರ ದೂರಿದಳು. ಅಕ್ಕ ಕಿಟಕಿಯ ಹತ್ತಿರ ಮೊರ ಹಿಡಿದು ಕೂತಿದ್ದಳು. ಬಿಸಿಲಾಗ ಯಾಕ ಬಂದಿ, ಚಾ ಕುಡೀತಿ ಏನು ಎಂದಳು. ಬೇಡ ಎಂದು ಅವಳ ಎದುರಿಗೆ ಕೂತು, ಸೊಸೆಗೂ ಕೇಳುವಷ್ಟು ದನಿಯಲ್ಲಿ ಹೇಳಿದೆ. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಅಕ್ಕ ಮೊರ ಕೆಳಗಿಟ್ಟಳು.

"ನಾ ಕೇಳಿದ್ನಲ್ಲ, ಪಟ್ಟಿ ಕಟ್ಟಿದ್ದಿ ಏನಂತ," ಎಂದಳು.

"ಕೇಳಿದ್ದಿ. ಸುಳ್ಳ ಹೇಳಿದೆ."

ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಒಳಗೆ ಕೂಸು ಹಾಲು ಕುಡಿದು ಬಿಟ್ಟು ಸಣ್ಣಗೆ ದನಿ ಮಾಡುತ್ತಿತ್ತು. ಅದನ್ನೇ ಕೇಳುತ್ತಾ ಕೂತಿದ್ದು, "ಮೂರು ಮೊಮ್ಮಕ್ಕಳು ಹುಟ್ಟಿದ್ವು ಶಾಂತಾ. ಒಂದಕ್ಕೂ ನಾ ಎರೀಲಿಲ್ಲ," ಎಂದಳು.

ಆಗ ನಾನು ಅವಳ ಪಾದ ಹಿಡಿದುಕೊಂಡು, ಮೊದಲೇ ಹೇಳಬೇಕಾಗಿದ್ದ ಮಾತನ್ನು ಬಾಯಿಬಿಟ್ಟು ಹೇಳಿದೆ.

"ನಿನ್ನ ಕೈಯಾಗ ಏನೂ ತಪ್ಪಿರಲಿಲ್ಲ ಅಕ್ಕಾ. ತಪ್ಪು ಮಾಡಿದಾಕಿ ನಾನು, ಮುಚ್ಚಿಟ್ಟಾಕಿ ನಾನು. ನಿನ್ನ ಕೂಸುಗಳನ್ನ ನಿನ್ನಿಂದ ಕಸಗೊಂಡೆ. ಹೊಟ್ಟ್ಯಾಗ ಹಾಕ್ಕೊ ಅನ್ನಾಕ ನನಗ ಮಾರಿ ಇಲ್ಲ. ಆದ್ರೂ ಕೇಳತೇನಿ. ಹೊಟ್ಟ್ಯಾಗ ಹಾಕ್ಕೊ."